ಡ್ರೈವರಪ್ಪನ ಗಾಳಿಚೀಲ

ಜಯಕುಮಾರ ಡ್ರೈವರನ್ನು ನಾನು ಮೊದಲು ಕಂಡದ್ದು ದೀಪಾವಳಿ ಕಳೆದ ಮೂರನೆಯ ದಿನ, ಬೆಳಿಗ್ಗೆ ಹತ್ತು ಗಂಟೆ ಹೊತ್ತಿಗೆ. ಜಗಲಿಯಲ್ಲಿ ಕೂತು ಹರಿದ ಕಾಫಿ ಮೂಟೆಗೆ ದಬ್ಬಳದಿಂದ ಹೊಲಿಗೆ ಹಾಕುತ್ತಿದ್ದೆ. ಬಾಳ್ಳುಪೇಟೆ ಕಡೆಯಿಂದ ನಡೆದು ಬಂದ ಎತ್ತರದ ಮನುಷ್ಯರೊಬ್ಬರು ಅಂಗಳದ ಆಚೆಯೇ ಚಪ್ಪಲಿ ಬಿಟ್ಟು ನಿಂತರು. ಎಡಗೈ ಪ್ಯಾಂಟಿನ ಜೇಬಿನಲ್ಲಿತ್ತು. ಕೂರಿ ಅಂದೆ. ಕೂತಮೇಲೆ ಆ ಕೈಯನ್ನು ಜೇಬಿನಿಂದ ತೆಗೆದು ತೊಡೆಯ ಕೆಳಗೆ ಇಟ್ಟುಕೊಂಡರು. ನೀರು ಕೊಟ್ಟೆ, ಬಲಗೈಯಲ್ಲಿ ಕುಡಿದರು. ಎಡಗೈ ಹೊರಗೆ ಬರಲಿಲ್ಲ.

"ಮೂಟೆ ಹೊಲಿಯೋ ಭೂತಮ್ಮ ಅಂದ್ರೆ ನೀವೇ ಅಲ್ವಾ?"

"ನಾನೇ ಕಣಪ್ಪ. ಎಷ್ಟು ಮೂಟೆ ಐತೆ?"

"ಮೂಟೆ ಅಲ್ಲವ್ವ, ಒಂದು ಬ್ಯಾಗು. ಹೊಡೆಯೋ ಬ್ಯಾಗು."

"ಯಾರಿಗೆ ಹೊಡೆಯೋದು?"

"ಬ್ಯಾಗಿಗೇ ಹೊಡೆಯೋದು."

ತುಂಬಿದ ಚೀಲ, ಹರಿದ ಚೀಲ, ಇಲಿ ಕಡಿದ ಚೀಲ ಎಲ್ಲ ನನ್ನ ಕೈ ದಾಟಿ ಹೋಗಿವೆ. ಹೊಡೆಸಿಕೊಳ್ಳುವುದಕ್ಕೆಂದೇ ಹೊಲಿಸುವ ಚೀಲವನ್ನು ಎಪ್ಪತ್ತೊಂದು ವರ್ಷಕ್ಕೆ ಅವತ್ತೇ ಕೇಳಿದ್ದು. ನನ್ನ ಮುಖ ನೋಡಿ ಅವರಿಗೆ ನಗು ಬಂತು. ನಕ್ಕಾಗ ತೊಡೆ ಸ್ವಲ್ಪ ಎದ್ದಿತು, ಕೆಳಗಿದ್ದ ಕೈ ಕಂಡಿತು. ಹೆಬ್ಬೆರಳು ಮತ್ತು ತೋರುಬೆರಳು ಒಂದಕ್ಕೊಂದು ಉಜ್ಜುತ್ತಿದ್ದವು, ಮಾತ್ರೆ ಉಂಡೆ ಕಟ್ಟುವ ಪಂಡಿತರ ಬೆರಳಿನ ಹಾಗೆ. ನಾನು ನೋಡಿದ್ದನ್ನು ಅವರು ನೋಡಿದರು. ಆಮೇಲೆ ಎಲ್ಲ ಹೇಳಿದರು.

ಇಪ್ಪತ್ತೊಂಬತ್ತು ವರ್ಷ ಬಸ್ಸು ಓಡಿಸಿದವರು. ಸಕಲೇಶಪುರದಿಂದ ಬಿಸಿಲೆಗೆ ಹೋಗುವ ದಾರಿಯೇ ಹೆಚ್ಚು. ಐವತ್ನಾಲ್ಕನೆಯ ವಯಸ್ಸಿಗೆ ಎಡಗೈ ನಡುಗಲು ಶುರುವಾಯಿತು. ಪಾರ್ಕಿನ್ಸನ್ ಎಂಬ ಕಾಯಿಲೆ ಎಂದರು ಡಾಕ್ಟರು. ಸ್ಟೇರಿಂಗ್ ಬಿಡಿಸಿ ಡಿಪೋದೊಳಗೆ ಕೂರಿಸಿದರು, ಕೊನೆಗೆ ಅವರೇ ಕೆಲಸ ಬಿಟ್ಟರು. ನನ್ನ ಅಂಗಳಕ್ಕೆ ಬಂದಾಗ ಅವರಿಗೆ ಐವತ್ತೇಳು. ಹೆಂಡತಿ ತೀರಿಹೋಗಿ ಒಂಬತ್ತು ವರ್ಷ. ಅಣ್ಣ ಲಕ್ಕಪ್ಪನವರ ಮನೆಯಲ್ಲೇ ಊಟ, ಅಲ್ಲೇ ವಾಸ. ಇದ್ದವಳು ಒಬ್ಬಳೇ ಮಗಳು, ಬಿಂದುಶ್ರೀ. ಅವಳಿಗೆ ಗಂಡು ಗೊತ್ತಾಗಿತ್ತು. ವೈಶಾಖದಲ್ಲಿ, ಆಲೂರಿನ ಸಮುದಾಯ ಭವನದಲ್ಲಿ ಮದುವೆ.

"ಧಾರೆ ನಾನೇ ಎರೀಬೇಕು ಕಣವ್ವ. ನಮ್ಮಣ್ಣ ಬೇಡ ಅಂತಾನೆ. ಹೆಂಡ್ತಿ ಇಲ್ದೋನು ಎರೀಬಾರದು, ಶಾಸ್ತ್ರ ಅಲ್ಲ, ನಾನೂ ನಿಮ್ಮತ್ತಿಗೇನೂ ಎರೀತೀವಿ ಅಂತಾನೆ. ಶಾಸ್ತ್ರ ಏನೂ ಅಲ್ಲ ಅದು. ಈ ಕೈ."

"ಗಂಡಿನ ಕಡೆಯೋರಿಗೆ ಗೊತ್ತಾ?"

"ಹೇಳಿಲ್ಲ. ಹೇಳಕೂಡದು ಅಂತ ಅಣ್ಣ ಎಲ್ಲರ ಬಾಯಿಗೂ ಬೀಗ ಹಾಕವ್ನೆ. ವಂಶದ ಕಾಯಿಲೆ ಅಂದ್ಕೊಂಡ್ರೆ ಸಂಬಂಧ ಮುರಿದ್ಬುಡ್ತದಂತೆ. ಅದಕ್ಕೇ ಬ್ಯಾಗ್ ಪಾರ್ಸಲ್‌ನಲ್ಲಿ ಮನೆಗೆ ಬರಕೂಡದು. ನಿಮ್ಮ ಕೊಟ್ಟಿಗೆ ಖಾಲಿ ಐತೆ ಅಂತ ಕೇಳ್ಪಟ್ಟೆ."

ಆಮೇಲೆ ತಲೆ ತಗ್ಗಿಸಿ ಅಂದರು: "ಬಿಸಿಲೆ ಘಾಟೀಲಿ ನನ್ನ ಚಕ್ರಕ್ಕೆ ಒಂದು ಕೋಳಿ ಸತ್ತಿಲ್ಲ. ಮಗಳ ಕೈ ಮೇಲೆ ಒಂದು ಗಿಂಡಿ ಹಾಲು ಹುಯ್ಯಕ್ಕೆ ಆಗಲ್ವಾ ನನಗೆ?"

ಹಾಸನದ ಆಸ್ಪತ್ರೆಯಲ್ಲಿ ವ್ಯಾಯಾಮ ಹೇಳಿಕೊಡುವ ನವ್ಯಶ್ರೀ ಎಂಬ ಹುಡುಗಿ ಈ ಬ್ಯಾಗಿನ ದಾರಿ ತೋರಿಸಿದ್ದಳು. ಮೇಲೊಂದು ಹಲಗೆ, ಅದರಿಂದ ನೇತಾಡುವ ಸಣ್ಣ ಚೀಲ, ಅದಕ್ಕೆ ಎರಡೂ ಮುಷ್ಟಿಯಿಂದ ಸರದಿಯಂತೆ ಹೊಡೆಯುವುದು. ಕಾಯಿಲೆ ಹೋಗುವುದಿಲ್ಲ, ಆದರೆ ಕೈ ಹೇಳಿದ ಮಾತು ಕೇಳುವುದನ್ನು ಮರೆಯುವುದಿಲ್ಲ ಎಂದಿದ್ದಳಂತೆ. ಫೋನಿನಲ್ಲಿ ಚಿತ್ರ ತೋರಿಸಿದರು. ತೊಟ್ಟು ಮೇಲಾಗಿ ಕಟ್ಟಿದ ಸೋರೆಬುರುಡೆಯ ಆಕಾರ. ಮೇಲೆ ಸಣ್ಣ, ಕೆಳಗೆ ದಪ್ಪ, ಒಂದು ಮೊಳಕ್ಕೆ ನಾಲ್ಕು ಬೆರಳು ಕಡಿಮೆ.

ಹೊಲಿದುಕೊಡುತ್ತೇನೆ ಅಂದೆ.

ಮುಂದಿನ ವಾರ ಅವರು ಹಳೆಯ ಬಸ್ಸಿನ ಸೀಟಿನ ರೆಕ್ಸಿನ್ ತಂದುಕೊಟ್ಟರು. ನಾಲ್ಕು ಎಸಳು ಕತ್ತರಿಸಿ ಎರಡೆಳೆ ನೂಲಿನಲ್ಲಿ ಹೊಲಿದೆ. ಹೊಲಿದ ಮೇಲೆ, ಚೀಲ ಅಂದರೆ ತುಂಬುವುದಕ್ಕೇ ಅಲ್ಲವೇ, ಕಾಫಿ ಹೊಟ್ಟು ತುಂಬಿದೆ. ಸುಮ್ಮನೆ ತುಂಬಲಿಲ್ಲ, ಕೋಲಿನಿಂದ ಗಿಡಿದು ಗಿಡಿದು ಕಲ್ಲಿನ ಹಾಗೆ ಮಾಡಿದೆ. ನಾನು ದುಡಿಯುತ್ತಿದ್ದ ಎಸ್ಟೇಟಿನ ಸ್ಟೋರಿನಲ್ಲಿ ಸಡಿಲ ಮೂಟೆ ಕಂಡರೆ ಲೆಕ್ಕ ಬರೆಯುವ ರೈಟರು ಬೈಯುತ್ತಿದ್ದರು. ನನ್ನ ಮೂಟೆಗೆ ಬೈದದ್ದೇ ಇಲ್ಲ. ಬಾಯಿ ಹೊಲಿದು ತೊಲೆಗೆ ಕಟ್ಟಿದಾಗ ನನಗೇ ಹೆಮ್ಮೆ ಅನ್ನಿಸಿತು.

ಡ್ರೈವರಪ್ಪ ಬಂದು ನಿಂತು ಬಲಗೈಯಲ್ಲಿ ಒಂದು ಗುದ್ದಿದರು. ಚೀಲ ಗುಡ್ಡದ ಹಾಗೆ ನಿಂತೇ ಇತ್ತು. ಎಡಗೈಯಲ್ಲಿ ಗುದ್ದಿದರು. ಗೆಣ್ಣಿನ ಚರ್ಮ ಕಿತ್ತುಬಂತು.

"ಏನವ್ವ ಇದು, ಎಮ್ಮೆಗೆ ಗುದ್ದಿದಂಗಾಯ್ತು!"

"ಹೊಡೀರಪ್ಪ, ಗಟ್ಟಿಯಾಗೈತೆ, ಒಡೆಯಕಿಲ್ಲ."

ಹೀಗೆ ಐದು ದಿನ ಹೊಡೆದರು. ಐದನೆಯ ದಿನ ಕೈ ಬಾವು ಬಂದು ತುತ್ತು ಎತ್ತಲಾಗಲಿಲ್ಲ. ಆಗ ನವ್ಯಶ್ರೀಗೆ ಫೋನು ಮಾಡಿ ಚೀಲ ತೋರಿಸಿದರು. ಅವಳು ಅತ್ತಳೋ ನಕ್ಕಳೋ ಗೊತ್ತಾಗಲಿಲ್ಲ. "ಗಾಳಿ ಸಾರ್, ಗಾಳಿ! ಅದರೊಳಗೆ ಗಾಳಿ ಇರಬೇಕು! ಯಾರು ಸಾರ್ ಹೊಟ್ಟು ತುಂಬಿದ್ದು?"

ಡ್ರೈವರಪ್ಪ ನನ್ನ ಕಡೆ ತಿರುಗಿ, "ಇಲ್ಲೊಬ್ರು ಮೂಟೆ ಎಕ್ಸ್‌ಪರ್ಟ್ ಅವ್ರೆ ಮೇಡಂ" ಅಂದರು.

ಗಾಳಿಯನ್ನು ಚೀಲಕ್ಕೆ ತುಂಬುತ್ತಾರೆಂದು ನನಗೆ ಯಾರು ಹೇಳಿದ್ದರು? ಮರುದಿನ ಹೊಟ್ಟು ಸುರಿದು, ಬಾಳ್ಳುಪೇಟೆಯಿಂದ ತಂದ ಕಾಲ್ಚೆಂಡಿನ ಒಳಗಿನ ರಬ್ಬರ್ ಬುರುಡೆಯನ್ನು ಒಳಗಿಟ್ಟು, ಮತ್ತೆ ಹೊಲಿದೆ. ಮೆಕ್ಯಾನಿಕ್ ಚಂದನ್ ಹಲಸಿನ ಹಲಗೆಯೊಂದನ್ನು ತೊಲೆಗೆ ಅಡ್ಡಲಾಗಿ ಬೋಲ್ಟು ಹಾಕಿ ಕೂರಿಸಿದ. ಅದರ ನಡುವೆ ಸೈಕಲ್ ಬೇರಿಂಗಿನಿಂದ ಚೀಲ ನೇತುಬಿಟ್ಟ. ಪಂಪಿನಲ್ಲಿ ಗಾಳಿ ಹೊಡೆದ. ಬೆರಳಲ್ಲಿ ಮುಟ್ಟಿದರೆ ಸಾಕು, ಚೀಲ ಓಡಿಹೋಗಿ ಹಲಗೆಗೆ ಬಡಿದು ವಾಪಸು ಬರುತ್ತಿತ್ತು.

ಈಗ ಬೇರೆ ತೊಂದರೆ. ಹೊಟ್ಟಿನ ಚೀಲ ಬರುತ್ತಲೇ ಇರಲಿಲ್ಲ, ಇದು ಕರೆಯುವ ಮೊದಲೇ ಬರುತ್ತಿತ್ತು. ಡ್ರೈವರಪ್ಪ ಗುದ್ದಿದರೆ ಚೀಲ ಹಿಂದಕ್ಕೆ ಹೋಗಿ ಹಲಗೆಗೆ ಬಡಿಯುತ್ತಿತ್ತು, ಮುಂದಕ್ಕೆ ಬಂದು ಬಡಿಯುತ್ತಿತ್ತು, ಮತ್ತೆ ಹಿಂದಕ್ಕೆ ಹೋಗಿ ಬಡಿಯುತ್ತಿತ್ತು. ಆ ಮೂರು ಸದ್ದು ಮುಗಿದ ಮೇಲೆ, ಅದು ಮತ್ತೆ ಎದುರಿಗೆ ಬರುವಾಗ ಹೊಡೆಯಬೇಕು. ಅವರು ಒಂದನೆಯದಕ್ಕೋ ಎರಡನೆಯದಕ್ಕೋ ಹೊಡೆದುಬಿಡುತ್ತಿದ್ದರು. ಚೀಲ ಅಡ್ಡಾದಿಡ್ಡಿ ಹಾರಿ ಮೂಗಿಗೇ ಬಡಿಯುತ್ತಿತ್ತು. ಹನ್ನೊಂದು ದಿನ ಹೀಗೇ ಆಯಿತು. ಕಣ್ಣು ಕಿರಿದು ಮಾಡಿ ಅದನ್ನೇ ನೋಡುತ್ತಿದ್ದರು. ಕಣ್ಣಿಗೆ ಸಿಗುವ ವೇಗವೇ ಅಲ್ಲ ಅದು.

ನಾನು ಮೂಲೆಯಲ್ಲಿ ಮೊರ ಹಿಡಿದು ರಾಗಿ ಕೇರುತ್ತಾ ಇದನ್ನು ಕೇಳುತ್ತಿದ್ದೆ. ಚಿಕ್ಕಂದಿನಲ್ಲಿ ನಾನೂ ನನ್ನ ಅಕ್ಕನೂ ಒಂದೇ ಒರಳಿಗೆ ಎರಡು ಒನಕೆ ಹಾಕಿ ಭತ್ತ ಕುಟ್ಟುತ್ತಿದ್ದೆವು. ಅವಳ ಒನಕೆ ಏಳುವಾಗ ನನ್ನದು ಬೀಳಬೇಕು. ಯಾರೂ ಒನಕೆ ನೋಡಿಕೊಂಡು ಕುಟ್ಟುವುದಿಲ್ಲ.

"ಡ್ರೈವರಪ್ಪ, ಕಣ್ಣು ಮುಚ್ಚಿ."

"ಮೂಗು ಹೋಗ್ತದೆ ಕಣವ್ವ."

"ಹೋದ್ರೆ ಹೋಗ್ಲಿ, ಹೊಲಿದುಕೊಡ್ತೀನಿ. ಕಿವೀಲಿ ಕೇಳಿ. ಅದು ಮೂರು ಮಾತು ಹೇಳ್ತದೆ. ಹೋ, ಗಿ, ಬಾ. ಬಾ ಅಂದಮೇಲೆ ಹೊಡೀರಿ. ಕರೆದಮೇಲೆ ತಾನೆ ಹೋಗೋದು?"

ಕಣ್ಣು ಮುಚ್ಚಿದರು. ನಾನು ಮೊರ ಕೆಳಗಿಟ್ಟು ಗಟ್ಟಿಯಾಗಿ ಹೇಳಿದೆ: ಹೋ-ಗಿ-ಬಾ. ಗುದ್ದು. ಹೋ-ಗಿ-ಬಾ. ಗುದ್ದು. ಆರು ಸಲ ತಪ್ಪದೆ ಬಿತ್ತು. ಏಳನೆಯದಕ್ಕೆ ಅವರೇ ಕಣ್ಣು ಬಿಟ್ಟು ನಿಂತುಬಿಟ್ಟರು. ಎಡಗೈಯನ್ನು ಮುಖದ ಮುಂದೆ ಹಿಡಿದು ನೋಡಿಕೊಂಡರು. ಅದು ಸುಮ್ಮನಿತ್ತು. ಎಷ್ಟು ಹೊತ್ತು ಅಂತ ನಾನು ಎಣಿಸಿದೆ. ಇಪ್ಪತ್ತೆರಡು ಎಣಿಸುವವರೆಗೆ ಸುಮ್ಮನಿತ್ತು.

ಅಂದಿನಿಂದ ವಾರಕ್ಕೆ ಆರು ದಿನ, ಬೆಳಿಗ್ಗೆ ಹತ್ತಕ್ಕೆ ಬರುತ್ತಿದ್ದರು. ಒಂಬತ್ತಕ್ಕೆ ಮಾತ್ರೆ, ಹತ್ತಕ್ಕೆ ಚೀಲ. ಮಕರ ಸಂಕ್ರಾಂತಿಯ ಹೊತ್ತಿಗೆ ಬಲ, ಎಡ, ಬಲ, ಎಡ ಎಂದು ನೂರು ಗುದ್ದು ತಪ್ಪಿಲ್ಲದೆ ಹೋಗುತ್ತಿತ್ತು. ಸದ್ದು ಬೀದಿಗೆ ಕೇಳುತ್ತಿತ್ತು. ಪಕ್ಕದ ಗುಂಡಯ್ಯ ಬೇಲಿಯಾಚೆ ನಿಂತು ಕೂಗಿದ: "ಏನು ಭೂತಮ್ಮ, ಕೊಟ್ಟಿಗೇಲಿ ಭೂತ ಡೋಲು ಬಾರಿಸ್ತಾ ಐತಾ?"

"ಹೂಂ ಕಣೋ, ನಿನ್ನ ಮನೆ ಯಾವುದು ಅಂತ ಕೇಳ್ತಾ ಐತೆ. ಹೇಳ್ಲಾ?"

ಅವನು ಬೇಲಿ ಬಿಟ್ಟು ಒಳಗೆ ಹೋದ.

ಚೀಲದ ಕೆಲಸ ಮುಗಿದ ಮೇಲೆ ಇನ್ನೊಂದು ಕೆಲಸ ಇತ್ತು. ಧಾರೆ ಒಂಟಿ ಕೈಯಲ್ಲಿ ಎರೆಯುವಂತಿಲ್ಲ, ಗಿಂಡಿಯನ್ನು ಎರಡೂ ಕೈಯಲ್ಲಿ ಹಿಡಿಯಬೇಕು. ನನ್ನ ಅತ್ತೆಯ ಕಾಲದ ತಾಮ್ರದ ಗಿಂಡಿಗೆ ನೀರು ತುಂಬಿ ಕೊಡುತ್ತಿದ್ದೆ. ಹರಿವಾಣದಲ್ಲಿ ಒಂದು ತೆಂಗಿನಕಾಯಿ ಇಡುತ್ತಿದ್ದೆ. ಅದರ ಮೇಲೆ ಎರೆಯಬೇಕು. ಸೆಗಣಿ ಸಾರಿಸಿದ ನೆಲದಲ್ಲಿ ಹರಿವಾಣದ ಹೊರಗೆ ಬಿದ್ದ ಹನಿ ಕಪ್ಪಗೆ ಕಾಣುತ್ತದೆ. ಮೊದಲ ದಿನ ಹತ್ತೊಂಬತ್ತು ಹನಿ. ಶಿವರಾತ್ರಿಗೆ ಎಂಟು. ಯುಗಾದಿಗೆ ಎರಡು. ಯುಗಾದಿ ಕಳೆದು ಒಂದು ವಾರಕ್ಕೆ ನೆಲ ಒಣಗಿಯೇ ಇತ್ತು. ಎರೆಯುವಾಗ ಅವರ ತುಟಿ ಅಲ್ಲಾಡುವುದನ್ನು ನೋಡಿ, ಏನು ಮಂತ್ರ ಅಂದೆ.

"ನಿಮ್ಮದೇ ಮಂತ್ರ. ಹೋಗಿ ಬಾ. ಮಗಳಿಗೂ ಅದೇ ತಾನೆ ಹೇಳಬೇಕು?"

ನಾನು ಗಿಂಡಿ ತೊಳೆದು ಬೋರಲು ಹಾಕಿದೆ.

ಆ ಸಂಜೆ ಅವರು ಅಣ್ಣನ ಎದುರು ನಿಂತು ಧಾರೆ ನಾನೇ ಎರೆಯುತ್ತೇನೆ ಅಂದರಂತೆ. ಲಕ್ಕಪ್ಪನವರು ಕೆಟ್ಟವರಲ್ಲ. ತಮ್ಮನ ಹೆಂಡತಿ ಸತ್ತಾಗ ಬಿಂದುಶ್ರೀಯ ತಲೆ ಬಾಚಿ ಜಡೆ ಹಾಕಿದ್ದು ಅವರ ಹೆಂಡತಿ ರಾಜಲಕ್ಷ್ಮಮ್ಮ. ಆ ಮಗುವಿಗೆ ಸಂಬಂಧ ಹುಡುಕಲು ಲಕ್ಕಪ್ಪನವರು ಎರಡು ವರ್ಷ ಊರೂರು ತಿರುಗಿದ್ದರು. ಅವರಿಗಿದ್ದದ್ದು ಭಯ ಒಂದೇ. ಕೊನೆಗೆ, "ಆಯ್ತು ಕಣೋ, ನೀನೇ ಎರಿ. ಆದ್ರೆ ನಿನ್ನ ಕೈ ಮೇಲೆ ನನ್ನ ಕೈ ಇರ್ತದೆ. ಮುಟ್ಟಿರ್ತೀನಿ, ಅಷ್ಟೆ" ಎಂದು ಒಪ್ಪಿದರು. ಚೀಲದ ವಿಷಯ ಅವರಿಗೆ ಡ್ರೈವರಪ್ಪ ಹೇಳಲಿಲ್ಲ. ಮದುವೆಯಾದ ಮೇಲೆ ಕರೆತಂದು ತೋರಿಸುತ್ತೇನೆ, ಬೆಪ್ಪಾಗಿ ನಿಲ್ಲುತ್ತಾನೆ ಎನ್ನುತ್ತಿದ್ದರು.

ಮದುವೆಗೆ ಬಾಳ್ಳುಪೇಟೆಯಿಂದ ಕಾರು ಕಳಿಸಿ ನನ್ನನ್ನು ಕರೆಸಿಕೊಂಡರು. ಗಂಡ ಸತ್ತವಳು, ಮಂಟಪದ ಹತ್ತಿರ ಹೋಗುವ ಅಭ್ಯಾಸ ನನಗಿಲ್ಲ. ಆದರೆ ಡ್ರೈವರಪ್ಪ ಬೆಳಿಗ್ಗೆಯೇ ಬಂದು, "ಅವ್ವ, ನನಗೆ ಕಾಣೋ ಕಡೆ ನಿಂತಿರಿ. ನಿಮ್ಮ ತುಟಿ ನೋಡ್ತಾ ಇದ್ರೆ ಲೆಕ್ಕ ತಪ್ಪಲ್ಲ" ಅಂದರು. ಮಂಟಪದ ಎಡಗಡೆಯ ಕಂಬದ ಪಕ್ಕ ನಿಂತೆ. ಅಲ್ಲಿಂದ ಗಿಂಡಿಗೆ ನಾಲ್ಕು ಹೆಜ್ಜೆ.

ಹುಡುಗ ಹುಡುಗಿಯ ಕೈ ಕೂಡಿಸಿ ಕಾಯಿ ಇಟ್ಟರು. ಡ್ರೈವರಪ್ಪ ಎರಡೂ ಕೈಯಲ್ಲಿ ಗಿಂಡಿ ಎತ್ತಿದರು. ಲಕ್ಕಪ್ಪನವರ ಬಲಗೈ ತಮ್ಮನ ಎಡ ಮಣಿಕಟ್ಟನ್ನು ಮುಟ್ಟಿತ್ತು, ಅಷ್ಟೆ. ಡ್ರೈವರಪ್ಪ ನನ್ನ ಕಡೆ ನೋಡಿದರು. ನಾನು ಸದ್ದಿಲ್ಲದೆ ಹೇಳಿದೆ. ಗಿಂಡಿ ಬಾಗಿತು. ಹಾಲು ನೂಲಿನ ಹಾಗೆ ಇಳಿದು ಕಾಯಿಯ ಮೇಲೆ, ಕಾಯಿಯಿಂದ ಬಿಂದುಶ್ರೀಯ ಬೆರಳ ಮೇಲೆ ಹರಿಯಿತು. ಬಿಂದುಶ್ರೀ ತಲೆಯೆತ್ತಿ ಅಪ್ಪನ ಮುಖವನ್ನೇ ನೋಡುತ್ತಿದ್ದಳು. ಕೈ ಅಲುಗಲಿಲ್ಲ. ಇದನ್ನು ನಾನು ಯಾವ ದೇವರ ಮುಂದೆ ಬೇಕಾದರೂ ಹೇಳುತ್ತೇನೆ. ಮೂರು ಸಲ ಹೋಗಿ ಬಾ ಮುಗಿಯುವವರೆಗೆ ಆ ಕೈ ಅಲುಗಲಿಲ್ಲ.

ಆಗ ಗಂಡಿನ ದೊಡ್ಡಪ್ಪ ಚಂದ್ರಯ್ಯ ಎನ್ನುವವರು ಕನ್ನಡಕ ಸರಿಮಾಡಿಕೊಂಡು ಮುಂದಕ್ಕೆ ಬಗ್ಗಿದರು. ಹಾಲು ನೋಡಲೋ, ಫೋಟೋಕ್ಕೋ, ಸುಮ್ಮನೆಯೋ, ಗೊತ್ತಿಲ್ಲ. ಅವರಿಗೆ ಅನುಮಾನ ಬಂತೆಂದು ಲಕ್ಕಪ್ಪನವರು ತಿಳಿದುಕೊಂಡರು. ಮುಟ್ಟಿದ್ದ ಕೈ ಮಣಿಕಟ್ಟನ್ನು ಗಬಕ್ಕನೆ ಹಿಡಿಯಿತು. ಗಿಂಡಿ ಜಗ್ಗಿತು. ಹಾಲು ನೆಗೆದು ಬಿಂದುಶ್ರೀಯ ಧಾರೆ ಸೀರೆಯ ಮೇಲೆ, ಚಂದ್ರಯ್ಯನವರ ಪಂಚೆಯ ಮೇಲೆ ಚೆಲ್ಲಿತು. ಹಿಡಿತದೊಳಗೆ ಸಿಕ್ಕಿದ ಆ ಎಡಗೈ ಆಮೇಲೆ ನಡುಗಲು ಶುರುವಾಯಿತು, ಮೊಳಕೈವರೆಗೆ. ಮಂಟಪದ ಸುತ್ತ ಇದ್ದವರೆಲ್ಲ ನೋಡಿದರು. ಲಕ್ಕಪ್ಪನವರು ಗಿಂಡಿಯನ್ನು ತಮ್ಮ ಕೈಗೆ ತೆಗೆದುಕೊಂಡು ಉಳಿದ ಹಾಲನ್ನು ತಾವೇ ಎರೆದರು. ವಾಲಗದವರು ಜೋರಾಗಿ ಊದಿದರು.

ಡ್ರೈವರಪ್ಪ ಹಿಂದಕ್ಕೆ ಸರಿದು ಎರಡೂ ಕೈಯನ್ನು ಶಲ್ಯದೊಳಗೆ ಸುತ್ತಿಕೊಂಡರು. ಮತ್ತೆ ನನ್ನ ಕಡೆ ನೋಡಲಿಲ್ಲ.

ಸಂಬಂಧಕ್ಕೆ ಏನೂ ಆಗಲಿಲ್ಲ. ಹೊರಡುವ ಮುಂಚೆ ಬಿಂದುಶ್ರೀ ಕೈ ತೊಳೆಯುವ ಕಡೆ ನನ್ನನ್ನು ತಬ್ಬಿಕೊಂಡು ಅತ್ತಳು. "ಅಪ್ಪನ ಕಾಯಿಲೆ ಅವರಿಗೆ ಮೊದಲೇ ಗೊತ್ತಿತ್ತು ಅಜ್ಜಿ. ಒಪ್ಪಿಗೆಯಾದ ವಾರವೇ ನಾನು ಹೇಳಿದ್ದೆ. ಅವರ ಮನೇಲಿ ಎಲ್ಲರಿಗೂ ಗೊತ್ತು. ನಮ್ಮ ದೊಡ್ಡಪ್ಪಂಗೆ ಬೇಜಾರಾಗ್ತದೆ ಅಂತ ನಾನೇ ಸುಮ್ನಿದ್ದೆ."

ಎಲ್ಲರೂ ಒಬ್ಬರಿಗೊಬ್ಬರು ಬೇಜಾರಾಗದ ಹಾಗೆ ಸುಮ್ಮನಿದ್ದೆವು. ನಾನೂ ಸೇರಿ.

ಮದುವೆಯಾದ ಮರುದಿನ ಹತ್ತು ಗಂಟೆಗೆ ಕೊಟ್ಟಿಗೆ ಗುಡಿಸಿ ಕಾದೆ. ಬರಲಿಲ್ಲ. ಎಂಟನೆಯ ದಿನ ನಾನೇ ಅವರ ಮನೆಗೆ ಹೋದೆ. ಅಂಗಳದಲ್ಲಿ ಕುರ್ಚಿ ಹಾಕಿ ಕೂತಿದ್ದರು, ಕೈ ತೊಡೆಯಡಿ.

"ಚೀಲದ ಗಾಳಿ ಇಳಿದೈತೆ ಡ್ರೈವರಪ್ಪ. ಬಂದು ಹೊಡೀರಿ."

"ಇನ್ಯಾಕವ್ವ? ಆರು ತಿಂಗಳು ದಿನಾ ಹೇಳಿಕೊಟ್ಟೆ ಈ ಕೈಗೆ. ಇದ್ದದ್ದು ಒಂದು ದಿನದ ಕೆಲಸ. ಆ ದಿನಾನೇ ಮೋಸ ಮಾಡ್ಬುಡ್ತು."

ನಿಮ್ಮ ಕೈ ಮೋಸ ಮಾಡಲಿಲ್ಲ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ರಾಜಲಕ್ಷ್ಮಮ್ಮ ಕಾಫಿ ಲೋಟ ಹಿಡಿದು ಬಾಗಿಲಿಗೆ ಬಂದರು. ಹಿಂದೆಯೇ ಲಕ್ಕಪ್ಪನವರು ತಮ್ಮನ ಮಾತ್ರೆ ಡಬ್ಬಿ ತಂದರು. ಹೊತ್ತು ಹೊತ್ತಿನ ಮಾತ್ರೆಯನ್ನು ಬೇರೆ ಬೇರೆ ಗೂಡಿನಲ್ಲಿ ಹಾಕಿಟ್ಟಿದ್ದರು. ಮಗಳು ಹೋದ ಮೇಲೆ ಈ ಮನುಷ್ಯನಿಗೆ ಉಳಿದಿರುವುದು ಈ ಅಣ್ಣ ಒಬ್ಬರೇ. ಚೆಲ್ಲಿದ್ದು ಅಣ್ಣನ ಕೈ ಎಂದು ನಾನು ಹೇಳಿದರೆ, ದಿನಕ್ಕೆ ಐದು ಸಲ ಅದೇ ಕೈಯಿಂದ ಮಾತ್ರೆ ತೆಗೆದುಕೊಳ್ಳುವಾಗ ಅವರಿಗೆ ಹೇಗಾದೀತು? ಕಾಫಿ ಕುಡಿದು ಎದ್ದುಬಂದೆ. ಅವತ್ತು ಹೇಳದಿರುವುದೇ ವಿವೇಕ ಅನ್ನಿಸಿತ್ತು. ಈಗ ಹಾಗೆ ಅನ್ನಿಸುವುದಿಲ್ಲ. ಆ ಕೈಯನ್ನು ನಂಬಿದ್ದರೆ ಅವರು ಮತ್ತೆ ಬರುತ್ತಿದ್ದರು, ಹೊಡೆಯುತ್ತಿದ್ದರು, ಮೈ ಅಷ್ಟು ಬೇಗ ಮರಗಟ್ಟುತ್ತಿರಲಿಲ್ಲ. ನವ್ಯಶ್ರೀ ಹಾಗೇ ಹೇಳಿದ್ದಳು, ಬಿಟ್ಟರೆ ಬಿಗಿಯುತ್ತದೆ ಎಂದು.

ಬಿಗಿಯಿತು. ಶ್ರಾವಣಕ್ಕೆ ಹೆಜ್ಜೆ ಚಿಕ್ಕದಾಯಿತು. ಕಾರ್ತಿಕದಲ್ಲಿ ಬಚ್ಚಲ ಹೊಸ್ತಿಲು ದಾಟುವಾಗ ಬಿದ್ದು ಸೊಂಟದ ಮೂಳೆ ಮುರಿಯಿತು. ಆಪರೇಷನ್ ಮಾಡಿಸಿದರು. ಮಲಗಿದವರು ಏಳಲಿಲ್ಲ. ಎದೆಯಲ್ಲಿ ಕಫ ಕಟ್ಟಿತು. ಲಕ್ಕಪ್ಪನವರು ಗಂಜಿಯನ್ನು ಚಮಚದಲ್ಲಿ ಕುಡಿಸಿ, ಬಾಯಿ ಒರೆಸಿ, ಬಟ್ಟೆ ಬದಲಿಸುತ್ತಿದ್ದರು. ಒಂದು ದಿನ ಅಂಗಳದಲ್ಲಿ ನನ್ನ ಮುಂದೆ ಅತ್ತರು. "ಅವನು ಎರಿಯೋದು ಬೇಡ ಅಂತ ಬಡ್ಕೊಂಡೆ ಭೂತಮ್ಮ, ಕೇಳ್ಲಿಲ್ಲ. ನಾನು ಹಿಡ್ಕೊಳ್ದೆ ಇದ್ದಿದ್ರೆ ಗಿಂಡೀನೇ ಬಿದ್ದೋಗ್ತಿತ್ತು." ಅವರು ಸುಳ್ಳು ಹೇಳುತ್ತಿರಲಿಲ್ಲ. ಹಾಗೇ ನಂಬಿದ್ದರು. ಇದನ್ನು ಅವರು ಓದಿದರೆ ಓದಲಿ. ತಪ್ಪು ಹೊರಿಸಲು ಬರೆದದ್ದಲ್ಲ. ಕಂಬದ ಪಕ್ಕ ನಿಂತು ಸರಿಯಾಗಿ ಕಂಡವಳು ನಾನೊಬ್ಬಳೇ, ಕಂಡದ್ದನ್ನು ಹೇಳದೆ ಇಟ್ಟುಕೊಂಡವಳೂ ನಾನೇ.

ಆಮೇಲೆ ಆದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಮಾಘ ಮಾಸದ ಒಂದು ಗುರುವಾರ ಡ್ರೈವರಪ್ಪ ಹೋದರು. ಬಿಂದುಶ್ರೀ ಬರುವಷ್ಟರಲ್ಲಿ ಉಸಿರು ನಿಂತಿತ್ತು. ಅವರಿಗೆ ಐವತ್ತೊಂಬತ್ತು ತುಂಬಿ ಹದಿನಾಲ್ಕು ದಿನ.

ಅದಕ್ಕೆ ಎರಡು ದಿನ ಮುಂಚೆ, ಮಂಗಳವಾರ, ನಾನು ನೋಡಲು ಹೋಗಿದ್ದೆ. ದನಿ ಪಿಸುಮಾತಿನಷ್ಟೇ ಉಳಿದಿತ್ತು. ಕಿವಿಯನ್ನು ಬಾಯಿಯ ಹತ್ತಿರ ಕೊಡಬೇಕಿತ್ತು. ಮಂಚದ ಆ ಬದಿಯಲ್ಲಿ ಲಕ್ಕಪ್ಪನವರು ತಮ್ಮನ ಎಡಗೈಯನ್ನು ತಮ್ಮ ಎರಡೂ ಕೈಯೊಳಗೆ ಇಟ್ಟುಕೊಂಡು ಎಣ್ಣೆ ತಿಕ್ಕುತ್ತಿದ್ದರು. ನಾನು ಆ ಕೈಯನ್ನು ನೋಡಿದೆ, ಲಕ್ಕಪ್ಪನವರ ಮುಖ ನೋಡಿದೆ, ಬಾಯಿ ತೆರೆಯಲಾಗಲಿಲ್ಲ. ಸೆರಗಿನಿಂದ ಡ್ರೈವರಪ್ಪನ ಹಣೆ ಒರೆಸಿ ಎದ್ದುಬಂದೆ. ಅದಕ್ಕೆ ಮುಂಚೆ ಡ್ರೈವರಪ್ಪ ನನ್ನ ಕಿವಿಯಲ್ಲಿ ಕೇಳಿದ್ದು ಇಷ್ಟು:

"ಅವ್ವ, ನೀವು ಹತ್ರ ನಿಂತಿದ್ರಿ, ನಿಮ್ಮ ಕಣ್ಣು ತಪ್ಪಲ್ಲ. ಅವತ್ತು ಹಾಲು ಚೆಲ್ಲಿದ್ದು ನನ್ನ ಕೈಯೇನಾ?"